ಆ ಪಾಠ ಇನ್ನೂ ಆಗಿಲ್ಲ

ನಮ್ಮ ಅತ್ತೆಗೆ ನನ್ನ ಮೇಲಿರುವ ದೂರುಗಳಲ್ಲಿ ಮೊದಲನೆಯದು, ನಾನು ಸಾರಿನ ವಾಸನೆ ನೋಡುವ ರೀತಿ. ಪಾತ್ರೆಯ ಮುಚ್ಚಳ ತೆಗೆದು, ಮುಖವನ್ನು ಒಂದು ಮೊಳ ದೂರ ಇಟ್ಟುಕೊಂಡು, ಬಲಗೈಯಿಂದ ಆವಿಯನ್ನು ಮೂಗಿನ ಕಡೆಗೆ ಮೆಲ್ಲಗೆ ಬೀಸಿಕೊಳ್ಳುತ್ತೇನೆ. ಹಾಲು ಕೆಟ್ಟಿದೆಯೇ, ದೋಸೆ ಹಿಟ್ಟು ಹುಳಿ ಬಂದಿದೆಯೇ, ಮಗುವಿನ ಅಂಗಿ ಒಗೆಯಬೇಕೇ, ಎಲ್ಲಕ್ಕೂ ಇದೇ ಕ್ರಮ. "ಅದೇನಮ್ಮ ಸಾರಿನ ಪಾತ್ರೆಗೆ ಮಂಗಳಾರತಿ ತಗಂತೀಯ! ಬಗ್ಗಿ ಮೂಸಿದ್ರೆ ಮೂಗೇನು ಸವೆದೋಯ್ತದಾ?" ಎನ್ನುತ್ತಾರೆ ಅತ್ತೆ. ನಾನು ನಕ್ಕು ಸುಮ್ಮನಾಗುತ್ತೇನೆ. ಈ ಅಭ್ಯಾಸ ನನಗೆ ಬಂದದ್ದು ಅಡುಗೆಮನೆಯಿಂದಲ್ಲ, ಅಮೋನಿಯಾ ಬಾಟಲಿಯಿಂದ ಎಂದು ಹೇಳಿದರೆ ಅವರು ಆಮೇಲೆ ನಾನು ಮಾಡಿದ ಸಾರನ್ನು ಮುಟ್ಟುವುದು ಅನುಮಾನ.

ನಾನು ಓದಿದ್ದು ಅನ್ವಯಿಕ ರಸಾಯನಶಾಸ್ತ್ರದಲ್ಲಿ ಬಿ.ವೋಕ್. ಹೀಗೆಂದ ಕೂಡಲೇ ನಿಮ್ಮ ಹುಬ್ಬು ಮೇಲಕ್ಕೆ ಹೋಗಿದ್ದರೆ ನನಗೆ ಬೇಸರವಿಲ್ಲ, ಅಭ್ಯಾಸವಾಗಿದೆ. ಮಧುಗಿರಿಯ ಒಂದು ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು, "ಬಿ.ವೋಕ್ ಅಂದ್ರೆ ವಕೀಲ್ರ ಓದಾ?" ಎಂದು ಕೇಳಿದ್ದರು. ಅಲ್ಲ, ಕೆಲಸ ಕಲಿಸುವ ಡಿಗ್ರಿ ಎಂದೆ. "ಅಂಗಂದ್ರೆ ಐಟಿಐಯಾ?" ಅದೂ ಅಲ್ಲ ಎಂದೆ. "ಅತ್ಲಾಗೆ ಬಿಎಸ್ಸಿನೂ ಅಲ್ಲ, ಇತ್ಲಾಗೆ ಐಟಿಐನೂ ಅಲ್ಲ" ಎಂದು ಅವರು ತೀರ್ಪು ಕೊಟ್ಟು ಪಾಯಸದ ಕಡೆ ತಿರುಗಿದರು. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಕಂಪ್ಯೂಟರ್ ಕೂಡ ಹೆಚ್ಚುಕಡಿಮೆ ಆ ಹಿರಿಯರ ಹಾಗೆಯೇ ನಡೆದುಕೊಂಡಿತು. ವಿದ್ಯಾರ್ಹತೆ ಎಂಬಲ್ಲಿ ಒತ್ತಿದರೆ ಬಿಎ, ಬಿಕಾಂ, ಬಿಎಸ್ಸಿ ಎಲ್ಲ ಸಾಲಾಗಿ ಇಳಿದು ಬರುತ್ತಿದ್ದವು. ನನ್ನದು ಮಾತ್ರ ಬರುತ್ತಿರಲಿಲ್ಲ. ಕೊನೆಯಲ್ಲಿ 'ಇತರೆ' ಎಂಬುದನ್ನು ಒತ್ತುವಾಗ ಪ್ರತಿ ಸಲವೂ ಎದೆ ಡವಡವ ಎನ್ನುತ್ತಿತ್ತು. ಮೂರು ವರ್ಷ ಓದಿದ್ದು ಲೋಕದಲ್ಲೇ ಇಲ್ಲದ ಓದೇನೋ ಎಂಬ ದಿಗಿಲು.

ಎದೆ ಡವಡವ ಎನ್ನುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ನಾನು ಹುಟ್ಟು ಪುಕ್ಕಲಿ. ಕುಕ್ಕರು ಎರಡನೆಯ ಸೀಟಿ ಹೊಡೆದರೆ ಹಿತ್ತಲಿಗೆ ಓಡುತ್ತಿದ್ದೆ. ಬೆಂಕಿಕಡ್ಡಿ ಗೀರಿದರೆ ಅದು ಹೊತ್ತಿಕೊಳ್ಳುವ ಮೊದಲೇ ಬಿಸಾಡುತ್ತಿದ್ದೆ. ಹಾಗಾಗಿ ನಮ್ಮ ಮನೆಯಲ್ಲಿ ದೀಪದ ಎಣ್ಣೆಗಿಂತ ಬೆಂಕಿಪೊಟ್ಟಣವೇ ಬೇಗ ಮುಗಿಯುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಎಲ್ಲ ಮಕ್ಕಳಿಗೂ ಭಯವಾಗುತ್ತದೆ. ನನಗೆ ಗೊತ್ತಿದ್ದರೆ ಇನ್ನೂ ಹೆಚ್ಚು ಭಯ. ಗೊತ್ತಿದ್ದರೆ ಎದ್ದು ನಿಲ್ಲಬೇಕಲ್ಲ, ಎಲ್ಲರೂ ತಿರುಗಿ ನೋಡುತ್ತಾರಲ್ಲ, ಬಾಯಿಂದ ಮಾತು ಹೊರಡಬೇಕಲ್ಲ!

ಇಂಥ ಪುಕ್ಕಲಿಗೆ ದೇವರು ಕೊಟ್ಟ ಅಪ್ಪ ಏನು ಮಾಡುತ್ತಿದ್ದ ಗೊತ್ತೇ? ಆಸಿಡ್ ಮಾರುತ್ತಿದ್ದ.

ನಮ್ಮ ಸೀಮೆಯ ಬೋರ್‌ವೆಲ್ ನೀರು ನಿಮಗೆ ಗೊತ್ತಿರಬಹುದು. ಹೊಸ ಬಚ್ಚಲಿಗೆ ಎಂಥ ಚೆಂದದ ಟೈಲ್ಸ್ ಹಾಕಿಸಿ, ಎರಡು ತಿಂಗಳಲ್ಲಿ ಹಪ್ಪಳದಂಥ ಬಿಳಿ ಕರೆ ಕಟ್ಟುತ್ತದೆ. ಆ ಕರೆಯೇ ನಮ್ಮ ಮನೆಯ ಅನ್ನ. ಅಪ್ಪ ಮೊಪೆಡ್ಡಿನ ಪಕ್ಕಕ್ಕೆ ಕ್ಯಾನುಗಳನ್ನು ಕಟ್ಟಿಕೊಂಡು, "ಆಸಿಡ್... ಫಿನಾಯಿಲ್..." ಎಂದು ರಾಗವಾಗಿ ಕೂಗುತ್ತ ಮಧುಗಿರಿ, ಕೊರಟಗೆರೆಯ ಬೀದಿಗಳನ್ನು ಸುತ್ತುತ್ತಿದ್ದ. ಯಾವಾಗಲಾದರೂ ಪಾವಗಡದ ಕಡೆ ಹೋದರೆ ಕೂಗು ತೆಲುಗಾಗುತ್ತಿತ್ತು.

ಫಿನಾಯಿಲನ್ನು ಅವನು ಹಿತ್ತಲಿನ ಶೀಟಿನ ಮನೆಯಲ್ಲಿ ತಾನೇ ತಯಾರಿಸುತ್ತಿದ್ದ. ಡ್ರಮ್ಮಿನ ನೀರಿಗೆ ಕಂದು ಬಣ್ಣದ ಒಂದು ಎಣ್ಣೆ ಸುರಿದು ಕೋಲಿನಿಂದ ತಿರುಗಿಸಿದರೆ ನೀರೆಲ್ಲ ಹಾಲಾಗಿಬಿಡುತ್ತಿತ್ತು. ನಾನು ಅದನ್ನು ಹಾಲೆಂದೇ ನಂಬಿ ಒಮ್ಮೆ ಬೆಕ್ಕಿಗೆ ಬಟ್ಟಲಲ್ಲಿ ಇಟ್ಟಿದ್ದೆ. ಬೆಕ್ಕು ನನಗಿಂತ ಜಾಣ, ಮೂಸಿ ನೋಡಿ ಬಾಲ ಎತ್ತಿಕೊಂಡು ಹೋಯಿತು. ಆದರೆ ಆಸಿಡ್ ಇಡುತ್ತಿದ್ದ ಮೂಲೆಗೆ ನಾನು ಹೋಗುತ್ತಿರಲಿಲ್ಲ. ಒಂದು ದಿನ ಅಪ್ಪ ಕ್ಯಾನಿಗೆ ತುಂಬುವಾಗ ನಾಲ್ಕು ಹನಿ ಸಿಮೆಂಟಿನ ನೆಲಕ್ಕೆ ಬಿದ್ದಿತ್ತು. ನೆಲ ಬುಸ್ಸೆಂದು ನೊರೆ ಕಾರಿತು. ಕಲ್ಲಿನಂಥ ನೆಲವೇ ಹೀಗೆ ಕುದಿಯುವುದಾದರೆ ನನ್ನ ಕಾಲಿನ ಗತಿಯೇನು? ಆಮೇಲೆ ವರ್ಷಗಟ್ಟಲೆ ನಾನು ಆ ಜಾಗವನ್ನು ಸುತ್ತು ಹಾಕಿಕೊಂಡೇ ನಡೆದೆ.

ಹೀಗಿದ್ದವಳು ಕೆಮಿಸ್ಟ್ರಿಗೇ ಯಾಕೆ ಹೋದೆ ಎಂದು ಕೇಳುತ್ತೀರಿ. ಪಿಯುಸಿಯಲ್ಲಿ ನನಗೆ ಬಂದ ಅಂಕಗಳಿಗೆ ಬೇರೆ ಯಾವ ಕೋರ್ಸೂ ಬಾ ಎನ್ನಲಿಲ್ಲ. ಶಿರಾದ ಒಂದು ಕಾಲೇಜಿನಲ್ಲಿ ಹೊಸದಾಗಿ ಇದು ಶುರುವಾಗಿತ್ತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ. ಒಂದು ವರ್ಷ ಓದಿ ಬಿಟ್ಟರೆ ಡಿಪ್ಲೊಮಾ, ಎರಡು ವರ್ಷಕ್ಕೆ ಬಿಟ್ಟರೆ ಮುಂದುವರಿದ ಡಿಪ್ಲೊಮಾ, ಮೂರೂ ಮುಗಿಸಿದರೆ ಡಿಗ್ರಿ. ಅಂದರೆ ಹೆದರಿಕೆಯಾದರೆ ಪ್ರತಿ ವರ್ಷವೂ ಓಡಿಹೋಗಲು ಒಂದು ಬಾಗಿಲು, ಅದೂ ಸರ್ಟಿಫಿಕೇಟ್ ಸಮೇತ! ಪುಕ್ಕಲರಿಗೆಂದೇ ಯಾರೋ ಪುಣ್ಯಾತ್ಮರು ಮಾಡಿದ ಕೋರ್ಸು ಎಂದುಕೊಂಡೆ. ಎರಡೂ ಬಾಗಿಲ ಹತ್ತಿರ ಹೋಗಿ ಚಿಲಕ ಮುಟ್ಟಿ ವಾಪಸಾದವಳು ನಾನು. ಮೂರೂ ವರ್ಷ ಓದಿದೆ. ಈಗ ತುಮಕೂರಿನ ಆಚೆ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ನಾನು ಆ ಕೋರ್ಸಿಗೆ ಸೇರಿದಾಗ ಅಪ್ಪನಿಗಂತೂ ಆಶ್ಚರ್ಯವೋ ಆಶ್ಚರ್ಯ. "ಇದ್ಕೂ ಡಿಗ್ರಿ ಐತಾ? ನಾನು ಇಷ್ಟು ದಿನ ಡಿಗ್ರಿ ಇಲ್ದೇನೇ ಮಾಡ್ಬುಟ್ನಲ್ಲವ್ವ!" ಎಂದಿದ್ದ.

ಲ್ಯಾಬಿನಲ್ಲಿ ನಮಗೆ ಕಲಿಸಿದವರು ಪಾವಗಡದ ಕಡೆಯ ಆಂಜನೇಯಲು ಸರ್. ಮಾತು ಕನ್ನಡದಲ್ಲಿ ಶುರುವಾಗಿ ಎಲ್ಲೋ ದಾರಿಯಲ್ಲಿ ತೆಲುಗನ್ನು ಹತ್ತಿಸಿಕೊಂಡು ಬರುತ್ತಿತ್ತು. ಮೊದಲ ದಿನವೇ ಅಮೋನಿಯಾ ಬಾಟಲಿ ಹಿಡಿದು ನಿಂತು ನನ್ನನ್ನು ಕರೆದರು. ನಾನು ಕಣ್ಣು ಮುಚ್ಚಿಕೊಂಡು ಬಾಟಲಿಯ ಬಾಯಿಗೇ ಮೂಗು ತಂದೆ. "ಅಯ್ಯಯ್ಯೋ, ಒದ್ದಮ್ಮಾ, ಬೇಡ! ಮೂಗು ತಗೊಂಡೋಗಿ ಅಲ್ಲಿ ಪೆಟ್ಟಬೇಡ" ಎಂದು ಬಾಟಲಿ ಹಿಂದಕ್ಕೆ ಎಳೆದುಕೊಂಡರು. "ವಾಸನೆ ತಾವ ನೀನು ಹೋಗ್ಬಾರ್ದು. ಅದನ್ನೇ ನಿನ್ನ ತಾವಿಕೆ ಕರ್ಕೋಬೇಕು. ಕೈ ಆಡ್ಸು, ಇಟ್ಲಾ, ಮೆಲ್ಲಗೆ." ನಾನು ಮುಖವನ್ನು ಅತ್ತ ತಿರುಗಿಸಿಕೊಂಡೇ ಕೈ ಆಡಿಸಿದ್ದನ್ನು ನೋಡಿ ಹುಡುಗಿಯರು ನಕ್ಕರು. ಸರ್ ನಗಲಿಲ್ಲ. "ಭಯ ಉಂಡಾಲಮ್ಮಾ, ಇರ್ಬೇಕು. ಭಯ ಇಲ್ದೋನು ಲ್ಯಾಬೊಳಕ್ಕೆ ಬರ್ಲೇಬಾರ್ದು" ಎಂದರು. ನನ್ನ ಪುಕ್ಕಲುತನವನ್ನು ಒಂದು ಅರ್ಹತೆಯೆಂದು ಹೇಳಿದ ಮೊದಲ ಮನುಷ್ಯ ಅವರು.

ಎರಡನೆಯ ಸೆಮಿಸ್ಟರಿನಲ್ಲಿ ಸುರಕ್ಷತೆಯ ಪಾಠ ಬಂತು. ಸರ್ ನಮ್ಮನ್ನು ದಾಸ್ತಾನು ಕೋಣೆಗೆ ಕರೆದುಕೊಂಡು ಹೋದರು. ಈ ಗೋಡೆಗೆ ಆಸಿಡ್ಡುಗಳ ಕಪಾಟು, ದೂರದ ಆ ಗೋಡೆಗೆ ಬ್ಲೀಚಿಂಗ್ ಪೌಡರಿನ ಡಬ್ಬ. "ಇವನೂ ಅವನೂ ಒಕ್ಕ ಕಡೆ ಇರ್ಕೂಡ್ದು, ಚೂಡಂಡಿ, ನೋಡಿ. ಸೇರಿದ್ರೆ ಕ್ಲೋರಿನ್ ಅನಿಲ ಎದ್ದು ಬರ್ತದೆ. ಕಣ್ಣು, ಗಂಟ್ಲು, ಎದೆ ಎಲ್ಲಾ ಸುಟ್ಟು ಹಾಕ್ತದೆ. ಗಾಳಿಗಿಂತ ಭಾರ ಅದು. ಮೇಲಕ್ಕೆ ಹೋಗಲ್ಲ, ನೀರು ಹರಿದಂಗೆ ನೆಲ ಹಿಡ್ಕೊಂಡು ಹರೀತದೆ. ಅದು ಕೆಳಗಿದ್ರೆ ನೀವು ಎತ್ತರಕ್ಕೆ ಓಡ್ಬೇಕು."

ಎಲ್ಲರೂ ಬರೆದುಕೊಂಡರು. ನನ್ನ ಪೆನ್ನು ಓಡಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಅಪ್ಪನ ಮೊಪೆಡ್ಡು. ಎಡಗಡೆ ಆಸಿಡ್ ಕ್ಯಾನು, ಬಲಗಡೆ ಬ್ಲೀಚಿಂಗ್ ಪೌಡರಿನ ಚೀಲ. ಕೊರೊನಾ ಬಂದ ಮೇಲೆ ಜನ ಕೇಳುತ್ತಾರೆಂದು ಅಪ್ಪ ಪೌಡರನ್ನೂ ಇಡತೊಡಗಿದ್ದ. ಅದನ್ನು ಕೊಳ್ಳುತ್ತಿದ್ದವರೂ ಆಸಿಡ್ ಕೊಳ್ಳುತ್ತಿದ್ದವರೂ ಒಂದೇ ಮನೆಯವರು. ಸುರಿಯುತ್ತಿದ್ದುದೂ ಒಂದೇ ಬಚ್ಚಲಿಗೆ.

ಅಂದು ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಮುದ್ದೆ ಉಣ್ಣುತ್ತಿದ್ದ. ಚೀಲ ಕೂಡ ಇಳಿಸದೆ ಹೇಳಿದೆ.

"ಅಪ್ಪಾ, ಆಸಿಡ್ಡು ಪೌಡರ್ರು ಸೇರಿಸ್ಬಾರ್ದಂತೆ. ವಿಷದ ಗಾಳಿ ಬತ್ತದಂತೆ."

"ನಾನೆಲ್ಲಿ ಸೇರಿಸ್ತೀನವ್ವ? ಬ್ಯಾರೆ ಬ್ಯಾರೆನೇ ಕಟ್ಕಂಡಿರ್ತೀನಲ್ಲ."

"ತಗಂಡೋರು ಸೇರಿಸಿದ್ರೆ?"

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ. "ಇಷ್ಟು ವರ್ಷದಿಂದ ಮಾರ್ತಾ ಇವ್ನಿ, ಒಬ್ಬರ್ಗೂ ಏನೂ ಆಗಿಲ್ಲ. ವಿಷ ಗಿಷ ಅಂತ ಎದ್ರಿಸ್ಬುಟ್ರೆ ನಾಳೆಯಿಂದ ಯಾರು ತಗಂತಾರೆ ಹೇಳು" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆನೇನೋ. ಅವನ ಮುಖದಲ್ಲಿ ಇದ್ದದ್ದು ನನ್ನದೇ ಭಯದ ಇನ್ನೊಂದು ಬಗೆ. ಕೈಕಾಲು ತೊಳೆದುಕೊಂಡು ನಾನೂ ಊಟಕ್ಕೆ ಕೂತೆ.

ಇದಾಗಿ ಕೆಲವು ದಿನಕ್ಕೆ, ಒಂದು ಗುರುವಾರ, ಕಾಲೇಜಿಗೆ ರಜೆ ಇತ್ತು. ಕ್ಯಾನು ಹಿಡಿದುಕೊಳ್ಳಲು ಜೊತೆಗೆ ಬಾ ಎಂದು ಅಪ್ಪ ನನ್ನನ್ನು ಕೊರಟಗೆರೆಗೆ ಕರೆದುಕೊಂಡು ಹೋದ. ಅಲ್ಲಿ ಅವನ ಹಳೆಯ ಗಿರಾಕಿ ರತ್ನಮ್ಮ ಮಿಸ್. ಪ್ರೈಮರಿ ಶಾಲೆಯಲ್ಲಿ ಬಹಳ ವರ್ಷ ಟೀಚರಾಗಿದ್ದು ನಿವೃತ್ತಿಯಾದವರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಹಗಲು ಹೊತ್ತು ಒಬ್ಬರೇ ಇರುತ್ತಿದ್ದರು. ಮೇಲಿಂದ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಗಿ, ಅವರ ಮನೆಗೆ ಈಗ ನಾಲ್ಕು ಮೆಟ್ಟಿಲು ಕೆಳಗಿಳಿದು ಹೋಗಬೇಕಿತ್ತು.

"ನಾಳೆ ಶುಕ್ರವಾರ ಕಣಪ್ಪ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಅಂತ ನಮ್ಮ ನಾದಿನಿ ಮನೆಯೋರೆಲ್ಲ ಬರ್ತಾವ್ರೆ, ಇಲ್ಲೇ ಇಳ್ಕೊಳ್ಳೋದು. ಬಚ್ಚಲು ನೋಡಿದ್ರೆ ಮಾನ ಹೋಗುತ್ತೆ. ಆಸಿಡ್ಡೂ ಕೊಡು, ಪೌಡರ್ರೂ ಕೊಡು" ಎಂದರು ಮಿಸ್. ಆಮೇಲೆ ನನ್ನ ಕಡೆ ನೋಡಿದರು. "ಇವಳೇನಾ ಕೆಮಿಸ್ಟ್ರಿ ಓದ್ತಿರೋ ಮಗಳು? ಬಾರೇ ಇಲ್ಲಿ, ನಿನ್ನೊಂದು ಪ್ರಶ್ನೆ ಕೇಳ್ತೀನಿ. ಮೊದ್ಲು ಪೌಡರ್ ಉದುರಿಸಿ ಅದರ ಮೇಲೆ ಆಸಿಡ್ ಸುರಿದ್ರೆ ಎರಡರ ಶಕ್ತಿನೂ ಸೇರ್ಕೊಂಡು ಕರೆ ಬೇಗ ಹೋಗುತ್ತಲ್ವಾ?"

ಉತ್ತರ ನನ್ನ ಗಂಟಲಲ್ಲಿತ್ತು. ಸರ್ ಹೇಳಿದ ಮಾತು ಅಕ್ಷರ ತಪ್ಪದೆ ನೆನಪಿತ್ತು. ಆದರೆ ಕೇಳಿದ್ದು ಟೀಚರ ಧ್ವನಿ. ಎದ್ದು ನಿಂತು ಹೇಳು ಎನ್ನುವ ಧ್ವನಿ. ಪಕ್ಕದಲ್ಲಿ ಅಪ್ಪ ಕ್ಯಾನು ಎತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಹೌದೆಂದರೆ ಸುಳ್ಳು, ಬೇಡವೆಂದರೆ ಅಪ್ಪನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿದಂತೆ. ಅಷ್ಟು ದೊಡ್ಡವರಿಗೆ ನಿಮ್ಮ ಎಣಿಕೆ ತಪ್ಪು ಎಂದು ನಾನು ಹೇಳುವುದು ಹೇಗೆ? ನನ್ನ ಬಾಯಿಂದ ಬಂದದ್ದು ಇಷ್ಟು:

"ಆ ಪಾಠ ಇನ್ನೂ ಆಗಿಲ್ಲ, ಮಿಸ್."

"ಸರಿ ಬಿಡು, ಆದ್ಮೇಲೆ ಹೇಳುವಂತೆ" ಎಂದು ನಕ್ಕು ಅವರು ಎರಡನ್ನೂ ತೆಗೆದುಕೊಂಡು ಒಳಗೆ ಹೋದರು.

ಆ ಬೀದಿ ಮುಗಿಸಿ, ಇನ್ನೊಂದು ಬೀದಿ ಸುತ್ತಿ, ಮಧುಗಿರಿಯ ದಾರಿ ಹಿಡಿದೆವು. ಬಿಸಿಲು ಏರಿತ್ತು. ರಸ್ತೆಯ ಪಕ್ಕದ ಹುಣಸೆಮರಗಳು ಒಂದೊಂದೇ ಹಿಂದಕ್ಕೆ ಹೋಗುತ್ತಿದ್ದವು. ನಾನು ಹಿಂದೆ ಕೂತು ಅಪ್ಪನ ಬೆನ್ನು ನೋಡುತ್ತಿದ್ದೆ, ಆದರೆ ಕಾಣುತ್ತಿದ್ದುದು ರತ್ನಮ್ಮ ಮಿಸ್ ಮನೆಯ ಬಚ್ಚಲು. ಈಗ ಸೀರೆ ಎತ್ತಿ ಸಿಕ್ಕಿಸಿಕೊಂಡಿರುತ್ತಾರೆ. ಈಗ ಪೌಡರ್ ಉದುರಿಸುತ್ತಿರುತ್ತಾರೆ. ಇಲ್ಲ, ಮೊದಲು ಅಡುಗೆ ಮುಗಿಸಿಕೊಳ್ಳಬಹುದು, ನಾಳೆ ಬೆಳಿಗ್ಗೆ ತೊಳೆಯಬಹುದು. ನಾಳೆ ಬೆಳಿಗ್ಗೆ ನೆಂಟರು ಬರುತ್ತಾರಲ್ಲ, ಇವತ್ತೇ ತೊಳೆಯುತ್ತಾರೆ. ವಾಸನೆ ಅಡುಗೆಮನೆಗೆ ಬಾರದಿರಲೆಂದು ಬಾಗಿಲು ಹಾಕಿಕೊಂಡರೆ? ಹೇಳಿದರೆ ಅಪ್ಪ ಏನೆನ್ನುತ್ತಾನೋ ಎಂಬ ಭಯ ಒಂದು ಕಡೆ, ಹೇಳದಿದ್ದರೆ ಏನಾಗುತ್ತದೋ ಎಂಬುದು ಇನ್ನೊಂದು ಕಡೆ. ಎಷ್ಟು ಮರ ಹಿಂದೆ ಹೋದವೋ ನನಗೆ ತಿಳಿಯದು. ಒಂದೊಂದು ಮರಕ್ಕೂ ಅವರಿಗೆ ನಾನು ಅಷ್ಟಷ್ಟು ದೂರವಾಗುತ್ತಿದ್ದೇನೆ ಎಂಬುದಷ್ಟೇ ತಿಳಿಯುತ್ತಿತ್ತು.

"ಅಪ್ಪಾ, ಗಾಡಿ ನಿಲ್ಸು."

"ಯಾಕವ್ವ, ವಾಂತಿ ಬಂದಂಗಾಯ್ತಾ?"

"ನಂಗೆ ಗೊತ್ತಿತ್ತಪ್ಪ. ಮಿಸ್‌ಗೆ ಸುಳ್ಳು ಹೇಳ್ಬುಟ್ಟೆ. ಆ ಪಾಠ ಆಗೈತೆ."

ಅಪ್ಪ ಗಾಡಿ ನಿಲ್ಲಿಸಿ ತಿರುಗಿ ನನ್ನ ಮುಖ ನೋಡಿದ. "ಆ ಗಾಳಿ ಕುಡುದ್ರೆ ಏನಾಯ್ತದೆ ಅಂದಿದ್ರು ನಿಮ್ಮ ಸರ್ರು?" ಎಂದು ಕೇಳಿದ. ಹೇಳಿದೆ. ಅವನು ಗಾಡಿ ತಿರುಗಿಸಿದ. ಅಪ್ಪ ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ನೋಡಿರಲಿಲ್ಲ. ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿದುಕೊಂಡು ಸದ್ದು ಮಾಡುತ್ತಿದ್ದವು.

ಮಿಸ್ ಮನೆಯ ಮುಂಬಾಗಿಲು ಒಳಗಿನಿಂದ ಹಾಕಿತ್ತು. ಬಡಿದೆವು. ಕೂಗಿದೆವು. ಹಿತ್ತಲ ಕಡೆಯಿಂದ ಕೆಮ್ಮು ಕೇಳಿಸಿತು. ಬಿಡದೆ ಬರುತ್ತಿದ್ದ ಆ ಕೆಮ್ಮು, ನಾವು ಬಾಗಿಲು ಬಡಿಯುತ್ತಿರುವಾಗಲೇ ನಿಂತುಹೋಯಿತು. ಕೆಮ್ಮಿಗಿಂತ ಅದು ನಿಂತದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಓಡಿದೆವು. ನಲ್ಲಿನೀರಿಗೆ ಔಷಧಿ ಹೆಚ್ಚಾಗಿ ಬಿದ್ದ ದಿನ ಬರುತ್ತದಲ್ಲ, ಆ ವಾಸನೆ. ಆದರೆ ಮೂಗಿಗೆ ಸೂಜಿ ಚುಚ್ಚಿದ ಹಾಗೆ. ಬಚ್ಚಲ ಬಾಗಿಲು ಮುಚ್ಚಿತ್ತು. ಅದರ ಕೆಳಗಿನ ಸಂದಿಯಿಂದ ಹಸಿರು ಮಿಶ್ರಿತ ಹಳದಿಯಂಥದೇನೋ ನೆಲದ ಮೇಲೆ ಹರಡುತ್ತಿತ್ತು. ಪುಸ್ತಕದಲ್ಲಿ ಓದಿದ್ದ ಬಣ್ಣ. ಅದು ನಿಜವಾಗಿಯೂ ಆ ಬಣ್ಣದ್ದೇ ಆಗಿತ್ತು.

ಅಪ್ಪ ಟವೆಲನ್ನು ತೊಟ್ಟಿಯ ನೀರಿಗೆ ಅದ್ದಿ ಮುಖಕ್ಕೆ ಸುತ್ತಿಕೊಂಡ. "ಉಸಿರು ಹಿಡ್ಕಳಪ್ಪಾ! ಒಳಗೆ ಉಸಿರು ತಗಬ್ಯಾಡ!" ಎಂದು ಕಿರುಚಿದೆ. ಅವನು ಬಾಗಿಲನ್ನು ಹೆಗಲಿನಿಂದ ತಳ್ಳಿದ. ಅದು ಅರ್ಧ ತೆರೆದು ನಿಂತಿತು; ಹಿಂದೆ ಮಿಸ್ ಬಿದ್ದಿದ್ದರು. ಅವನು ಸಂದಿಯಲ್ಲಿ ನುಗ್ಗಿದ.

ನಾನು ಒಳಗೆ ಹೋದೆ ಎಂದು ಬರೆಯಬೇಕೆಂದು ಆಸೆ. ಆದರೆ ಹೋಗಲಿಲ್ಲ. ಒಗೆಯುವ ಕಲ್ಲು ಹಿಡಿದುಕೊಂಡು ನಿಂತಿದ್ದೆ, ಕಾಲು ಮುಂದಕ್ಕೆ ಬರಲಿಲ್ಲ. ಅಪ್ಪ ಅವರ ತೋಳುಗಳ ಕೆಳಗೆ ಕೈ ಹಾಕಿ ಎಳೆದುಕೊಂಡು ಬಂದ. ಮಿಸ್ ಭಾರದ ಹೆಂಗಸು. ಅರ್ಧ ದಾರಿಯಲ್ಲಿ ಅವನ ಉಸಿರು ಮುಗಿಯಿತು. ಟವೆಲಿನೊಳಗಿನಿಂದ ಅವನು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಆಮೇಲಿನ ಕೆಮ್ಮೂ ಕೇಳಿಸಿತು.

ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದರು. "ಇಲ್ಲೇ ನೆರಳಲ್ಲಿ ಮಲಗ್ಸಿ", "ಈರುಳ್ಳಿ ಮೂಸ್ಸಿ", "ಹಾಲು ತನ್ನಿ, ಹಾಲು ಕುಡ್ಸಿ". ಮಿಸ್ ಹಿತ್ತಲ ನೆಲದ ಮೇಲೆ, ತುಟಿ ಕಪ್ಪಾಗಿ, ಕಣ್ಣಲ್ಲಿ ನೀರು ಸುರಿಯುತ್ತ ಬಿದ್ದಿದ್ದರು. ಬಚ್ಚಲ ಬಾಗಿಲಿನಿಂದ ಅದು ಇನ್ನೂ ನಮ್ಮ ಕಡೆಗೇ ಹರಿದು ಬರುತ್ತಿತ್ತು. ಈ ಮನೆ ತಗ್ಗಿನಲ್ಲಿದೆ ಎಂಬುದು ಆಗ ಹೊಳೆಯಿತು.

"ಇಲ್ಲಿ ಬ್ಯಾಡ, ರಸ್ತೆಗೆ ಎತ್ಕೊಂಡೋಗಿ" ಎಂದೆ. ಯಾರಿಗೂ ಕೇಳಿಸಲಿಲ್ಲ. ನನ್ನ ಮಾತು ನನಗೇ ಸರಿಯಾಗಿ ಕೇಳಿಸಿರಲಿಲ್ಲ. ಒಬ್ಬಾಕೆ ಆಗಲೇ ಹಾಲಿನ ಲೋಟ ತಂದು ಬಗ್ಗುತ್ತಿದ್ದಳು. ಎಚ್ಚರವೇ ಇಲ್ಲದವರ ಬಾಯಿಗೆ ಹಾಲು! ಅದನ್ನು ನೋಡಿದಾಗ ಎಲ್ಲಿಂದಲೋ ಒಂದು ಕಿರುಚು ಬಂತು.

"ಹಾಲು ಹಾಕ್ಬ್ಯಾಡ್ರೀ! ಮೇಲಕ್ಕೆ, ರಸ್ತೆಗೆ ಎತ್ತಿ! ಆ ಗ್ಯಾಸು ನೆಲ ಹಿಡ್ಕಂಡು ಬತ್ತಾ ಐತೆ!"

"ನೀನ್ಯಾರವ್ವ ಹೇಳಾಕೆ?"

"ನಾನು ಕೆಮಿಸ್ಟ್ರಿ ಓದ್ತಾ ಇವ್ನಿ" ಎಂದೆ. ಅಳು ಬಂದಿತ್ತು. ನಾಲ್ಕು ಜನ ಎತ್ತಿಕೊಂಡರು. ಮೆಟ್ಟಿಲು ಹತ್ತಿ ರಸ್ತೆಗೆ ಬಂದಾಗ ಗಾಳಿ ಬೀಸುತ್ತಿತ್ತು. ಮಿಸ್ ಒಮ್ಮೆ ಉಸಿರೆಳೆದುಕೊಂಡು ಕೆಮ್ಮಿದರು. ಆಟೋ ಬಂತು. ಅಪ್ಪನನ್ನೂ ಅದರಲ್ಲೇ ತುಂಬಿದೆವು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಚ್ಚಿದರು. ಏನಾಯಿತೆಂದು ಡಾಕ್ಟರ್ ಕೇಳಿದಾಗ, ಯಾವುದಕ್ಕೆ ಯಾವುದು ಬೆರೆಯಿತು, ಸುಮಾರು ಎಷ್ಟು ಹೊತ್ತು ಒಳಗಿದ್ದಿರಬಹುದು ಎಂದು ಹೇಳಿದೆ. "ಗೊತ್ತಿದ್ದವರು ಜೊತೆಗಿದ್ದದ್ದು ಒಳ್ಳೇದಾಯ್ತು" ಎಂದರು. ಆ ಮಾತು ಅನಿಲಕ್ಕಿಂತ ಹೆಚ್ಚು ಸುಟ್ಟಿತು. ಹೊರಗಿನ ಬೆಂಚಿನ ಮೇಲೆ ಕೂತೆ. ಮಧುಗಿರಿಯಿಂದ ಅಮ್ಮ ಬಸ್ಸು ಹಿಡಿದು ಬರುವ ತನಕ, ಒಳಗಿನಿಂದ ಬರುವ ಎರಡು ಕೆಮ್ಮುಗಳಲ್ಲಿ ಯಾವುದು ಯಾರದು ಎಂದು ಕೇಳಿಸಿಕೊಳ್ಳುತ್ತ ಕೂತಿದ್ದೆ. ಒಂದು ಸ್ವಲ್ಪ ಹೊತ್ತು ಕೇಳಿಸದಿದ್ದರೆ ಎದ್ದು ಹೋಗಿ ಬಾಗಿಲ ಗಾಜಿನಲ್ಲಿ ಇಣುಕುತ್ತಿದ್ದೆ.

ಇಬ್ಬರೂ ಉಳಿದರು. ಅಪ್ಪ ಮರುದಿನವೇ ಮನೆಗೆ ಬಂದ, ಆದರೆ ಧ್ವನಿ ಬರಲಿಲ್ಲ. ಮಾತಾಡಿದರೆ ಬರೀ ಗಾಳಿ. ಮಿಸ್ ಕೆಲವು ದಿನ ಅಲ್ಲೇ ಇದ್ದು ಮನೆಗೆ ಹೋದರು. ಅವರ ಬೀದಿಯಲ್ಲಿ, ನಮ್ಮ ಬೀದಿಯಲ್ಲಿ, ಕೊನೆಗೆ ಶಿರಾದ ಬಸ್ಸಿನಲ್ಲೂ ಸುದ್ದಿ ಹಬ್ಬಿತು: ಆಸಿಡ್ ಮಾರೋನ ಮಗಳು ಓದಿದ್ದಕ್ಕೆ ಒಂದು ಜೀವ ಉಳೀತು. ನಾವು ಅರ್ಧ ದಾರಿಯಿಂದ ಯಾಕೆ ತಿರುಗಿ ಬಂದೆವು ಎಂದು ಕೇಳಿದವರಿಗೆ ಅಪ್ಪ, "ಒಂದು ಕ್ಯಾನು ಮರ್ತಿದ್ವಿ" ಎಂದು ಆ ಗಾಳಿಯ ಧ್ವನಿಯಲ್ಲೇ ಹೇಳುತ್ತಿದ್ದ. ನನ್ನ ಸುಳ್ಳನ್ನು ಮುಚ್ಚಲು ಅವನು ಕಷ್ಟಪಟ್ಟು ಮಾತಾಡುವುದನ್ನು ನೋಡಿದಾಗ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಕಾಲೇಜಿನಲ್ಲಿ ಆಂಜನೇಯಲು ಸರ್ ತರಗತಿಯ ಮುಂದೆ ನನ್ನನ್ನು ನಿಲ್ಲಿಸಿ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಮುಗಿದ ಮೇಲೆ ಲ್ಯಾಬಿಗೆ ಹೋಗಿ ಅವರೊಬ್ಬರಿಗೇ ನಿಜ ಹೇಳಿದೆ. ಅವರು ತೊಳೆಯುತ್ತಿದ್ದ ಗಾಜಿನ ನಳಿಕೆಯನ್ನು ಇಟ್ಟು ನನ್ನ ಕಡೆ ತಿರುಗಿದರು. "ಭಯ ಉಂಡಾಲ ಅಂದೋನು ನಾನೇ" ಎಂದರು. "ಬಾಟ್ಲಿ ಕಂಡ್ರೆ ಅಂದಿದ್ದಮ್ಮಾ ನಾನು. ಮನುಷ್ಯರನ್ನ ಕಂಡ್ರೆ ಅಲ್ಲ. ಹೋಗು, ಆಯಮ್ಮಗೆ ನೀನೇ ಚೆಪ್ಪು, ಹೇಳು."

ಹೋಗುವುದಕ್ಕೆ ನನಗೆ ಎರಡು ವಾರ ಬೇಕಾಯಿತು. ಅಪ್ಪನೇ ಗಾಡಿಯಲ್ಲಿ ಕರೆದುಕೊಂಡು ಹೋದ. ಅವನು ರಸ್ತೆಯಲ್ಲೇ ನಿಂತ, ನಾನು ಮೆಟ್ಟಿಲಿಳಿದೆ. ಮಿಸ್ ಜಗಲಿಯ ಮೇಲೆ ಶಾಲು ಹೊದ್ದು ಕೂತಿದ್ದರು. ಸೊರಗಿದ್ದರು. ನನ್ನನ್ನು ನೋಡಿ ಎರಡೂ ಕೈ ಚಾಚಿ, "ಬಾರಮ್ಮ, ನನ್ನ ಪಾಲಿನ ದೇವ್ರು ಬಂದಂಗೆ ಬಂದೆ ಅವತ್ತು" ಎಂದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ.

"ಮಿಸ್, ಆ ಪಾಠ ಆಗಿತ್ತು. ನೀವು ಕೇಳಿದಾಗ ನಂಗೆ ಗೊತ್ತಿತ್ತು. ಹೆದರಿಕೊಂಡು ಸುಳ್ಳು ಹೇಳಿದೆ."

ಚಾಚಿದ ಕೈಗಳು ಮೆಲ್ಲಗೆ ಮಡಿಲಿಗೆ ಇಳಿದವು. ಅವರು ನನ್ನನ್ನು ನೋಡುತ್ತಿದ್ದ ರೀತಿ ಬದಲಾಯಿತು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಒಂದೆರಡು ಸಲ ಕೆಮ್ಮಿ, ನೀರು ಕುಡಿದು, "ಯಾರಿಗೆ ಹೆದರಿದೆ? ನನಗಾ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ.

"ಶಾಲೇಲಿ ಮಕ್ಕಳು ಹೆದರಬೇಕು ಅಂತ ಈ ಧ್ವನಿನ ನಾನೇ ಬೆಳೆಸ್ಕೊಂಡೆ ಕಣೇ" ಎಂದರು. ಆಮೇಲೆ ಬೇರೆ ಕಡೆ ನೋಡುತ್ತ, "ನೀನು ಹೇಳಿದ್ರೂ ನಾನು ಕೇಳ್ತಿದ್ನೋ ಇಲ್ವೋ. ಆದ್ರೆ ಹೇಳ್ಬೇಕಾಗಿತ್ತು ಕಣಮ್ಮ. ಹೇಳ್ಬೇಕಾಗಿತ್ತು."

ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನಾನು ಮೆಟ್ಟಿಲು ಹತ್ತಿ ಬಂದೆ.

"ಏನಂದ್ರು?" ಎಂದ ಅಪ್ಪ.

"ಹೇಳ್ಬೇಕಾಗಿತ್ತು ಅಂದ್ರು."

ಅಪ್ಪ ಗಾಡಿ ಸ್ಟಾರ್ಟ್ ಮಾಡಲು ಹೋದವನು ಪೆಡಲಿನಿಂದ ಕಾಲು ತೆಗೆದ. ಅಂದು ಗಾಡಿಯಲ್ಲಿ ಕ್ಯಾನೂ ಇರಲಿಲ್ಲ, ಚೀಲವೂ ಇರಲಿಲ್ಲ. ಬೀದಿಯ ಎರಡೂ ಕಡೆಯ ಮನೆಗಳನ್ನು ಅವನು ನಿಧಾನವಾಗಿ ನೋಡಿದ. "ನಾನೂ ಹೇಳ್ಬೇಕಾಗಿತ್ತು" ಎಂದ. ಅಷ್ಟು ಹೇಳುವುದಕ್ಕೇ ಅವನಿಗೆ ಎರಡು ಸಲ ಉಸಿರು ಬೇಕಾಯಿತು. ಆಮೇಲೆ ಕೈ ಎತ್ತಿ ತೋರಿಸಿದ. "ಆ ನೀಲಿ ಗೇಟು. ಅವ್ರೂ ಎರಡೂ ತಗಂತಾರೆ. ಅದ್ರಾಚೆ ಮೂಲೆ ಮನೆ, ಅವ್ರೂ."

ಅವನ ಗಂಟಲಿನಿಂದ ಗೇಟಿನ ಆಚೆಗೆ ಕೇಳುವಷ್ಟು ಧ್ವನಿ ಹೊರಡುವಂತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನು ನನ್ನನ್ನು ಹೋಗು ಎನ್ನಲಿಲ್ಲ, ಸುಮ್ಮನೆ ಗಾಡಿಗೆ ಒರಗಿ ನಿಂತ. ನಾನು ನಡೆದೆ. ಚಿಲಕ ಬಡಿದೆ. ಒದ್ದೆ ಕೈಯಲ್ಲೇ ಒಬ್ಬ ಹೆಂಗಸು ಬಂದು, ದೂರದಲ್ಲಿ ಅಪ್ಪನ ಗಾಡಿ ನೋಡಿ, "ಇವತ್ತೇನೂ ಬೇಡಮ್ಮ" ಎಂದು ತಿರುಗಿದರು.

"ಅಕ್ಕಾ, ಮಾರಾಕೆ ಬಂದಿಲ್ಲ" ಎಂದೆ. ಧ್ವನಿ ನಡುಗಿತು. ಅವರು ನಿಂತರು. "ಒಂದು ಮಾತು ಹೇಳಾಕೆ ಬಂದೆ."

"ಹೇಳು" ಎಂದು ಅವರು ಸೆರಗಿಗೆ ಕೈ ಒರೆಸಿಕೊಂಡರು.

ಹೇಳಿದೆ.